ಒಂದು ರಿಂಗ್ ಎಂದರೆ ಕ್ಷೇಮ

ಎರಡು ಕಡ್ಡಿ, ಈಗ ಮೂರು, ಇಲ್ಲ ಮತ್ತೆ ಎರಡೇ, ಇರಲಿ, ಎರಡಿದ್ದರೆ ಸಾಕು ಎಂದಿದ್ದಾಳೆ ಮಗಳು, ಕೈ ಮಾತ್ರ ಅಲ್ಲಾಡಬಾರದು — ಕಿಟಕಿಯ ಮೂರನೇ ಸರಳಿಗೆ ಫೋನನ್ನು ಒತ್ತಿ ಹಿಡಿದು ಸ್ಟೂಲಿನ ಮೇಲೆ ನಿಂತಿದ್ದೇನೆ, ಎರಡನೇ ಸರಳಿನ ಬಳಿ ಸಿಗ್ನಲ್ ಸಾಯುತ್ತದೆ, ನಾಲ್ಕನೆಯದರ ಬಳಿಯೂ ಅಷ್ಟೇ, ಇಡೀ ಕಟ್ಟಡದಲ್ಲಿ ನನ್ನ ಸಿಮ್ಮಿಗೆ ಒಲಿದಿರುವುದು ಮೆಟ್ಟಿಲು ತಿರುಗುವಲ್ಲಿರುವ ಈ ಒಂದು ಗೇಣು ಜಾಗ, ಸುಣ್ಣ ಉದುರುವ ಗೋಡೆ, ಯಾರೋ ಉಗಿದು ಹೋದ ಮೂಲೆ, ಕಿಟಕಿಯಾಚೆ ಒಂದು ಪಾರಿವಾಳ, ಕತ್ತು ಓರೆ ಮಾಡಿಕೊಂಡು ನನ್ನನ್ನೇ ನೋಡುತ್ತಿದೆ, ನೋಡು, ನೋಡು, ನಿನಗೇನು, ನಿನಗೆ ನೆಟ್ಟೂ ಬೇಡ ಪರೀಕ್ಷೆಯೂ ಬೇಡ. ಹಾಟ್‌ಸ್ಪಾಟ್ ಆನ್ ಆಗಿದೆ, ಒಂದು ಸಾಧನ ಸಂಪರ್ಕದಲ್ಲಿದೆ, ಎಂದು ಸ್ಕ್ರೀನಿನ ಮೇಲೆ ಬರೆದಿದೆ, ಆ ಸಾಧನ ಎಂದರೆ ಬಾಗಿಲಿನ ಒಳಗೆ ಕೋಣೆಯಲ್ಲಿರುವ ಲ್ಯಾಪ್‌ಟಾಪು, ಲ್ಯಾಪ್‌ಟಾಪು ಎಂದರೆ ಅದರ ಮುಂದೆ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತ ನನ್ನ ಮಗಳು, ಈ ಹಾಟ್‌ಸ್ಪಾಟಿಗೆ ಅವಳೇ ಇಟ್ಟ ಹೆಸರು ಕಾಜಾ ಕಂಪನಿ, ಏನೇ ಇದು ಎಂದು ಕೇಳಿದರೆ, ಮತ್ತಿನ್ನೇನಮ್ಮ, ನೀನು ದಿನಾ ಶರ್ಟಿನ ಗುಂಡಿ ತೂತಿಗೆ ದಾರ ಸುತ್ತೋ ಕಾಜಾ ಕೆಲಸದವಳು, ನಿನ್ನದೊಂದು ಕಂಪನಿ ಬೇಡ್ವಾ, ಎಂದು ನಕ್ಕಿದ್ದಳು, ಈಗ ನಗುತ್ತಿಲ್ಲ, ಕೆಮ್ಮುವಂತೆಯೂ ಇಲ್ಲ ಅವಳು, ಅವಳ ಎದುರಿಗಿರುವ ಕ್ಯಾಮೆರಾದ ಆಚೆ ಎಲ್ಲೋ ಒಬ್ಬಳು ಮೇಡಂ ಕೂತು ಇವಳ ಕಣ್ಣು ಎತ್ತ ಹೋಗುತ್ತದೆ ಎಂದು ಕಾಯುತ್ತಿದ್ದಾಳಂತೆ. ಕಂಬದಿಂದ ಬರುವ ನೆಟ್ಟಿನ ತಂತಿ ಇವತ್ತೇ ಹೋಗಬೇಕಿತ್ತೇ, ಬಣ್ಣ ಬಳಿಯುವವನು ಏಣಿ ಒರಗಿಸಿ ಎಳೆದುಹಾಕಿದ್ದಾನೆ, ನೆಟ್ಟಿನವನಿಗೆ ಫೋನ್ ಮಾಡಿದರೆ, ಸಾಯಂಕಾಲ ಬರ್ತೀನಿ ಮೇಡಂ, ಎಂದ, ಸಾಯಂಕಾಲ ಬಂದು ಏನು ನನ್ನ ತಲೆಗೆ ಕಟ್ಟುತ್ತೀಯಾ ಎಂದು ಬಾಯಿತುದಿಗೆ ಬಂದಿತ್ತು, ನುಂಗಿಕೊಂಡೆ. ಮಗಳ ಸಿಮ್ಮಿಗೆ ಇಲ್ಲಿ ಒಂದು ಕಡ್ಡಿಯೂ ಇಲ್ಲ, ಇವರ ಫೋನಂತೂ ಲಾರಿಯ ಜೊತೆ ಯಾವ ಊರಿನಾಚೆಯೋ, ಕಟ್ಟಿಕೊಂಡಾಗಿನಿಂದ ನನ್ನ ಗಂಡ ವ್ಯಾಪ್ತಿ ಪ್ರದೇಶದ ಹೊರಗೇ ಇದ್ದಾರೆ. ಹಾಗಾಗಿ ನಾನು, ನನ್ನ ಈ ಹಳೇ ಫೋನು, ಈ ಸರಳು.

ಭುಜ ನೋಯುತ್ತಿದೆ, ನೋಯಲಿ, ಎಡಗೈಗೆ ಬದಲಾಯಿಸಲೇ, ಬೇಡ, ಬದಲಾಯಿಸುವಾಗ ಸರಳು ತಪ್ಪಿದರೆ — ಅಮ್ಮಾ, ಚೆನ್ನಾಗಿ ಕೇಳಿಸ್ಕೋ, ನೆಟ್ ಎರಡು ಸಲ ಕಟ್ಟಾದ್ರೆ ಬಿಡ್ತಾರೆ, ಮೂರನೇ ಸಲ ಕಟ್ಟಾದ್ರೆ ಪರೀಕ್ಷೆ ಅಲ್ಲಿಗೇ ಮುಚ್ಚಿಹೋಗುತ್ತೆ, ಕಟ್ಟಾದಾಗ ಲ್ಯಾಪ್‌ಟಾಪು ಬೀಪ್ ಅಂತ ಕೂಗುತ್ತೆ, ಗಾಬರಿ ಆಗ್ಬೇಡ, ಆಮೇಲೆ ಹೊರಗಿನ ಮಾತು ಒಳಗೆ ಕೇಳಿಸಿದ್ರೂ ಮುಗೀತು, ಯಾರೋ ಉತ್ತರ ಹೇಳಿಕೊಡ್ತಿದ್ದಾರೆ ಅಂತ ತೆಗೆದುಹಾಕ್ತಾರೆ, ಆದ್ದರಿಂದ ನೀನು ದಯವಿಟ್ಟು ಬಾಯಿಗೆ ಒಂದು ಹೊಲಿಗೆ ಹಾಕ್ಕೊಂಡುಬಿಡು. ಹಾಕಿಕೊಂಡಿದ್ದೇನೆ ತಾಯಿ. ಕಣ್ಣು ಪರೀಕ್ಷೆ ಮಾಡುವವರಾಗುವ ಕೋರ್ಸು, ಸೀಟುಗಳು ಬೆರಳೆಣಿಕೆ, ವಯಸ್ಸಿನ ಮಿತಿ ಈ ವರ್ಷಕ್ಕೆ ಮುಗಿಯುತ್ತದೆ, ಹೋದ ವರ್ಷವೇ ಬರೆಯಬೇಕಿತ್ತು, ಹೋದ ವರ್ಷ ಪರೀಕ್ಷೆಯ ದಿನ ಬೆಳಿಗ್ಗೆ ನನ್ನಮ್ಮ ಹೊಲಿಗೆ ಯಂತ್ರದ ಮುಂದೆಯೇ ವಾಲಿದಳು, ಬಾಯಿ ಒಂದು ಕಡೆಗೆ, ಮಾತು ನಿಂತು, ಬಲಗೈ ಮುಷ್ಟಿ ಕಟ್ಟಿಕೊಂಡು, ನಾನು ಅಂಗಡಿಗೆ ಶರ್ಟಿನ ಗಂಟು ಕೊಡಲು ಹೋಗಿದ್ದೆ, ಅಜ್ಜಿಯನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವಳು ಇವಳೇ, ಪರೀಕ್ಷೆಯ ಸುದ್ದಿಯನ್ನೇ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಜ್ಜಿಯ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದ ಹುಡುಗಿ, ಒಂದೊಂದು ಸಲ ಇಪ್ಪತ್ತು ಸೂಜಿ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಶಾಲೆಗೆ ಹೋಗುತ್ತಿದ್ದಳು, ಅಜ್ಜಿ, ನಿನ್ನ ಕಣ್ಣಿಗೆ ಏನಾಗಿದೆ ಅಂತ ನಾನೇ ಕಲಿತು ಹೇಳ್ತೀನಿ, ಎನ್ನುತ್ತಿದ್ದಳು, ಹೇಳೇ ತಾಯಿ, ಅಲ್ಲೀತನಕ ಬದುಕಿದ್ರೆ ನೋಡೋಣ, ಎನ್ನುತ್ತಿದ್ದಳು ಅಮ್ಮ. ಬದುಕಿದ್ದಾಳೆ. ಆಮೇಲೆ ಅವಳನ್ನು ಕರೆದೊಯ್ದ ಅಣ್ಣನ ಊರಿನ ಆಸ್ಪತ್ರೆಯಲ್ಲಿ, ಅಣ್ಣನ ಕಣ್ಣೆದುರಲ್ಲಿ, ಮೊನ್ನೆಯಿಂದ ಉಸಿರು ಏರುಪೇರು, ಅದನ್ನು ಮಗಳಿಗೆ ನಾನು ಹೇಳಿಲ್ಲ, ಹೇಗೆ ಹೇಳಲಿ, ಮತ್ತೆ ಪರೀಕ್ಷೆ ಬಿಟ್ಟು ಎದ್ದು ನಿಂತರೆ, ನಿಲ್ಲುವ ಜಾತಿಯೇ ಅವಳದು. ನನ್ನ ಬ್ಯಾಗು ಕಟ್ಟಿಟ್ಟಾಗಿದೆ, ಮಂಚದ ಕೆಳಗಿದೆ, ಪರೀಕ್ಷೆ ಮುಗಿದ ತಕ್ಷಣ ಬಸ್ಸು. ಇನ್ನೆರಡು ದಿನಕ್ಕೆ ಏನೂ ಆಗಲ್ಲ ಅಂದಿದ್ದಾರೆ ಡಾಕ್ಟ್ರು, ನೀನು ಅವಳ ಪರೀಕ್ಷೆ ಮುಗಿಸಿಕೊಂಡೇ ಬಾ, ಎಂದಿದ್ದಾನೆ ಅಣ್ಣ, ನಿನ್ನೆ ಇನ್ನೂ ಒಂದು ಮಾತು ಹೇಳಿದ, ಅಮ್ಮನ ಮುಷ್ಟಿ ಬಿಚ್ಚಿದೆ ಕಣೇ, ಅಂಗೈ ಅಗಲ ಮಾಡಿಕೊಂಡು ಮಲಗಿದ್ದಾಳೆ, ಬಾಯಲ್ಲಿ ಏನೋ ಅಂತಾಳೆ, ನಿನ್ನ ಹೆಸರೇ ಅನ್ಸುತ್ತೆ. ಒಳ್ಳೆಯದೋ ಕೆಟ್ಟದ್ದೋ ಕೇಳಲಿಲ್ಲ ನಾನು. ಆ ಅಂಗೈ ನನಗೆ ಗೊತ್ತು, ಕತ್ತರಿ ಜಾರಿ ಹೆಬ್ಬೆರಳಿನ ಬುಡದಿಂದ ಕಿರುಬೆರಳಿನ ತನಕ ಸೀಳಿದ ಗಾಯ, ಹಸ್ತರೇಖೆಗಳನ್ನೆಲ್ಲ ಅಡ್ಡ ದಾಟಿದ ಬಿಳಿ ಗೆರೆ, ಜ್ವರ ಬಂದಾಗ ಹಣೆಯ ಮೇಲೆ ಇಟ್ಟರೆ ಆ ಗೆರೆ ಬೇರೆಯಾಗಿ ತಗಲುತ್ತಿತ್ತು.

ಫೋನು ನಡುಗಿತು. ಅಣ್ಣ. ಹೆಸರು ಬೆಳಗಿತು, ಒಂದೇ ರಿಂಗು, ಆರಿತು, ಒಳಗೆ ಬೀಪ್ — ಅಯ್ಯೋ, ಕಟ್ಟಾಯಿತು, ಈ ಹಳೇ ಫೋನಿಗೆ ಕರೆ ಬಂದರೆ ನೆಟ್ಟು ಉಸಿರು ಹಿಡಿಯುತ್ತದೆ, ಎರಡನ್ನೂ ಒಟ್ಟಿಗೆ ಹೊರಲಾರದು, ಅಣ್ಣನಿಗೆ ಹೇಳಿದ್ದೆ, ಮಧ್ಯಾಹ್ನದ ತನಕ ಫೋನ್ ಮಾಡ್ಬೇಡ ಕಣೋ, ನಿನ್ನ ಕಾಲಿಗೆ ಬೀಳ್ತೀನಿ, ಎಂದಿದ್ದೆ, ಹೂಂ ಎಂದಿದ್ದ — ಬಂತು, ಮತ್ತೆ ಬಂತು, ಒಂದು ಸಾಧನ ಸಂಪರ್ಕದಲ್ಲಿದೆ, ಒಳಗೆ ಕುರ್ಚಿ ಒಮ್ಮೆ ಕಿರ್ರೆಂದು ಸುಮ್ಮನಾಯಿತು, ಬರೆಯುತ್ತಿದ್ದಾಳೆ, ಒಂದು ಸಲ ಹೋಯಿತು, ಇನ್ನೊಂದು ಉಳಿದಿದೆ. ಒಂದು ರಿಂಗು. ಒಂದು ರಿಂಗ್ ಎಂದರೆ ಕ್ಷೇಮ, ಅದು ನಮ್ಮ ಮನೆಯ ಲೆಕ್ಕ, ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅಮ್ಮ ಮಾಡಿದ್ದು, ಊರು ಮುಟ್ಟಿದ ಕೂಡಲೇ ಪಕ್ಕದ ಮನೆಯವರ ಫೋನಿನಿಂದ ಒಂದು ರಿಂಗ್ ಕೊಟ್ಟು ಇಟ್ಟುಬಿಡು, ಯಾರೂ ಎತ್ತಲ್ಲ, ದುಡ್ಡೂ ಹೋಗಲ್ಲ, ಕ್ಷೇಮ ಅಂದ್ಕೋತೀನಿ, ಬಿಟ್ಟೂಬಿಡದೆ ಎರಡು ಸಲ ಕೊಟ್ರೆ ತಿರುಗಿ ಮಾಡ್ತೀನಿ. ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು, ಮಾತು ಬಿಟ್ಟಿಯಾಯಿತು, ಆದರೂ ಬಸ್ಸಿಳಿದರೆ ಒಂದು ರಿಂಗು, ಅಣ್ಣನೂ ಕೊಡುತ್ತಾನೆ, ನಾನೂ ಕೊಡುತ್ತೇನೆ, ಮಗಳು ಆಡಿಕೊಳ್ಳುತ್ತಾಳೆ, ನಿಮ್ಮ ವಂಶಾನೇ ಮಿಸ್ಡ್ ಕಾಲ್ ವಂಶ. ಹಾಗಾದರೆ ಕ್ಷೇಮ. ಉಸಿರು ಸರಿಹೋಗಿರಬೇಕು, ತಂಗಿ ಹೆದರಿಕೊಂಡಿರ್ತಾಳೆ, ಒಂದು ರಿಂಗ್ ಕೊಟ್ಟು ತಿಳಿಸೋಣ ಎಂದುಕೊಂಡಿದ್ದಾನೆ ಪೆದ್ದ, ಒಂದು ರಿಂಗಿಗೂ ನೆಟ್ಟು ಸಾಯುತ್ತದೆಂದು ಅವನಿಗೇನು ಗೊತ್ತು, ಬೈದುಕೊಂಡೆ, ಬೈದರೂ ಎದೆ ಹಗುರಾಯಿತು, ಪಾರಿವಾಳ ಕೂಡ ಹಾರಿಹೋಗಿದೆ. ಕೈ ಬದಲಾಯಿಸಬಹುದು ಅನಿಸಿತು, ಬದಲಾಯಿಸಲಿಲ್ಲ.

ಬೀದಿಯಲ್ಲಿ ಯಾರೋ ಕಬ್ಬಿಣದ ಶಟರು ಎಳೆಯುತ್ತಿದ್ದಾರೆ, ಇಷ್ಟೊತ್ತಿಗೆ ಅಂಗಡಿ ತೆಗೆಯುತ್ತಾರೆಯೇ, ಟೈಲರ್ ಮಾಸ್ಟರು ನಾಳೆ ಬೆಳಿಗ್ಗೆಗೆ ಎಲ್ಲ ಶರ್ಟೂ ಬೇಕು ಎಂದಿದ್ದಾರೆ, ಬೇಕಾದರೆ ಅವರೇ ಕೂತು ಸುತ್ತಿಕೊಳ್ಳಲಿ, ನಾಳೆ ನಾನು ಅಮ್ಮನ ಕಾಲ ಬಳಿ ಇರುತ್ತೇನೆ, ಅಮ್ಮ ಕಾಜಾ ಮಾಡಿದರೆ ಗುಂಡಿಯೇ ಹೆದರಿ ಒಳಗೆ ಹೋಗಿ ಕೂರುತ್ತದೆ ಎನ್ನುತ್ತಿದ್ದರು ಈ ಮಾಸ್ಟರು, ನನ್ನದು ಅಷ್ಟಿಲ್ಲ — ಮತ್ತೆ ನಡುಗಿತು. ಅಣ್ಣ. ಒಂದು ರಿಂಗು. ಆರಿತು. ಬೀಪ್. ಎರಡು. ದೇವರೇ, ಎರಡೂ ಮುಗಿಯಿತು, ಇನ್ನು ಒಂದೇ ಒಂದು ಸಲ ಹೀಗಾದರೆ ಬಾಗಿಲು ತೆರೆದು ಅವಳು ಹೊರಗೆ ಬರುತ್ತಾಳೆ, ಅಳುವುದಿಲ್ಲ, ಪರವಾಗಿಲ್ಲ ಬಿಡಮ್ಮ ಎನ್ನುತ್ತಾಳೆ, ಹೋದ ವರ್ಷ ಆಸ್ಪತ್ರೆಯ ಬೆಂಚಿನ ಮೇಲೆ ಅಂದ ಹಾಗೆಯೇ, ಆ ಪರವಾಗಿಲ್ಲವನ್ನು ಇನ್ನೊಮ್ಮೆ ಕೇಳುವ ಶಕ್ತಿ ನನಗಿಲ್ಲ. ಎರಡು ರಿಂಗು. ಆದರೆ ಬಿಟ್ಟು ಬಿಟ್ಟು ಬಂದದ್ದು, ಬಿಟ್ಟೂಬಿಡದೆ ಬಂದರಲ್ಲವೇ ತಿರುಗಿ ಮಾಡು ಎಂದು ಅರ್ಥ, ಇದು ಒಂದು ಕ್ಷೇಮ, ಇನ್ನೊಂದು ಕ್ಷೇಮ, ಯಾರು ಎರಡೆರಡು ಸಲ ಕ್ಷೇಮ ಹೇಳುತ್ತಾರೆ, ಹೇಳಬಾರದೆಂದು ಎಲ್ಲಿದೆ, ಅಮ್ಮ ಗಂಜಿ ಕುಡಿದಿರಬಹುದು, ಎದ್ದು ಕೂತಿರಬಹುದು, ಖುಷಿಯಲ್ಲಿ ಇವನು — ಅಣ್ಣ ಖುಷಿಯಲ್ಲಿ ಯಾವತ್ತು ಫೋನ್ ಮಾಡಿದ್ದಾನೆ, ಖುಷಿಯಾದರೆ ಉಂಡು ಮಲಗುವವನು. ಗೊತ್ತು ನನಗೆ. ಗೊತ್ತಿಲ್ಲ. ಈ ಫೋನನ್ನು ಸರಳಿನಿಂದ ತೆಗೆದು, ಎರಡು ಮೆಟ್ಟಿಲು ಇಳಿದು, ಏನಾಯ್ತೋ ಎಂದು ಒಂದು ಮಾತು ಕೇಳಿದರೆ ಸಾಕು, ಕೇಳಿದರೆ ಒಳಗೆ ಬೀಪ್, ಕೇಳದಿದ್ದರೆ, ಕೇಳದಿದ್ದರೆ ಇನ್ನೂ ಕ್ಷೇಮವೇ. ಹೆಬ್ಬೆರಳು ತಾನಾಗಿಯೇ ಹೋಯಿತು, ಅಣ್ಣನ ಹೆಸರು ಒತ್ತಿತು, ಕೆಳಗೆ ಕೆಂಪು ಅಕ್ಷರ, ಈ ನಂಬರನ್ನು ಬ್ಲಾಕ್ ಮಾಡಬೇಕೇ, ಸಾಲ ಕೊಡ್ತೀವಿ ಎಂದು ಪೀಡಿಸುವವರನ್ನು ಹೀಗೆ ಮಾಡಲು ಮಗಳು ಕಲಿಸಿದ್ದಳು, ಹೌದು ಎಂದು ಒತ್ತಿದೆ, ನನ್ನನ್ನು ಬೆನ್ನ ಮೇಲೆ ಹೊತ್ತು ಶಾಲೆಗೆ ಕರೆದೊಯ್ದ ಅಣ್ಣ, ಹೌದು, ಫೋನು ಸುಮ್ಮನಾಯಿತು. ಸ್ವಲ್ಪ ಹೊತ್ತು ಕಣೋ ಅಣ್ಣ, ಅವಳು ಮುಗಿಸಿ ಬರಲಿ, ಆಮೇಲೆ ನೀನು ಎಷ್ಟು ಬೇಕಾದರೂ ಬೈದುಕೋ.

ಸುಮ್ಮನಿದೆ, ತುಂಬ ಸುಮ್ಮನಿದೆ, ಕಡ್ಡಿ ಎರಡು, ಬೆವರು ಕಿವಿಯ ಹಿಂದೆ ಇಳಿಯುತ್ತಿದೆ, ಒರೆಸುವಂತಿಲ್ಲ, ಎದುರು ಕಟ್ಟಡದ ಹಗ್ಗದ ಮೇಲೆ ಯಾರದೋ ಮಗುವಿನ ಅಂಗಿ, ಕಾಜಾ ಬಿಟ್ಟುಹೋಗಿದೆ, ಇಲ್ಲಿಂದಲೂ ಕಾಣುತ್ತದೆ ನನಗೆ, ದೂರದ್ದು ಕಾಣುತ್ತದೆ, ಹತ್ತಿರದ್ದೇ ಮಂಜು — ಆಗ ಸ್ಕ್ರೀನಿನ ತುಂಬ ಅಂಗೈ ಬಂತು. ಅಂಗೈ. ಬೆರಳು ಅಗಲಿಸಿದ, ಅಡ್ಡ ಗೆರೆಯ ಅಂಗೈ, ಅಮ್ಮ ಎಂದು ಹೆಸರು. ಹೋದ ವರ್ಷದಿಂದ ಒಮ್ಮೆಯೂ ಬೆಳಗದ ಹೆಸರು. ಫೋಟೋ ತೆಗೆಯಲು ಹೋದರೆ ಅಮ್ಮ ಯಾವಾಗಲೂ ಕೈ ಅಡ್ಡ ಹಿಡಿಯುತ್ತಿದ್ದಳು, ಥೂ, ನನ್ನ ಮೂತಿ ಯಾಕೆ ತೆಗೀತೀಯಾ, ಹೂವು ಗೀವು ತೆಗಿ ಹೋಗು, ಎನ್ನುತ್ತಿದ್ದಳು, ಮಗಳು ಹಠಕ್ಕೆ ಆ ಕೈಯನ್ನೇ ತೆಗೆದು ಅಜ್ಜಿಯ ನಂಬರಿಗೆ ಹಾಕಿಕೊಟ್ಟಿದ್ದಳು, ಅಜ್ಜಿ ಫೋನ್ ಮಾಡಿದ್ರೆ ಕಪಾಳಕ್ಕೆ ಬಾರಿಸೋಕೆ ಬಂದ ಹಾಗಿರುತ್ತೆ ನೋಡು, ಎಂದು ನಕ್ಕಿದ್ದಳು, ಮೂವರೂ ನಕ್ಕಿದ್ದೆವು. ಅಣ್ಣನೇ ಇರಬೇಕು, ತನ್ನದು ಹೋಗುತ್ತಿಲ್ಲವೆಂದು ಅಮ್ಮನ ಫೋನಿನಿಂದ ಮಾಡುತ್ತಿದ್ದಾನೆ, ಅಲ್ಲ, ಅಮ್ಮನೇ ಇದ್ದರೆ, ಕೈ ಬಿಚ್ಚಿದೆ ಎಂದನಲ್ಲ, ಬಾಯಲ್ಲಿ ಏನೋ ಅಂತಾಳೆ ಎಂದನಲ್ಲ, ಅಂಗೈ ನಡುಗುತ್ತಿದೆ, ಕಬ್ಬಿಣದ ಸರಳಿಗೆ ತಗಲಿ ಫೋನು ಟರ್ರೆನ್ನುತ್ತಿದೆ, ಅಂಗೈಯ ಕೆಳಗೆ ಹಸಿರು, ಪಕ್ಕದಲ್ಲಿ ಕೆಂಪು, ಹೆಬ್ಬೆರಳು ಮೊದಲೇ ಅಲ್ಲಿತ್ತು, ನಾನು ಯೋಚಿಸಿದೆ ಎಂದರೆ ಸುಳ್ಳು, ಯೋಚಿಸಲಿಲ್ಲ ಎಂದರೂ ಸುಳ್ಳು, ಕೆಂಪನ್ನು ಒತ್ತಿದೆ. ಹೋಯಿತು ಅಂಗೈ. ಉಸಿರು ಬಿಗಿ ಹಿಡಿದು ಕೇಳಿದೆ, ಬೀಪ್ ಬರುತ್ತದೆ, ಈಗ ಬರುತ್ತದೆ, ಬರಲಿಲ್ಲ, ಮೊದಲ ರಿಂಗು ಮುಗಿಯುವ ಮುಂಚೆಯೇ ಒತ್ತಿದ್ದಕ್ಕೋ ಏನೋ. ಒಂದು ಸಾಧನ ಸಂಪರ್ಕದಲ್ಲಿದೆ. ಬದುಕಿತು, ಮಗಳ ಪರೀಕ್ಷೆ ಬದುಕಿತು. ನನಗೆ ಖುಷಿಯಾಯಿತು, ಒಂದು ಕ್ಷಣ, ನಿಜವಾಗಿ ಖುಷಿಯಾಯಿತು. ಅಷ್ಟರಲ್ಲಿ ಸ್ಕ್ರೀನಿನ ಮೇಲಿನಿಂದ ಸಣ್ಣ ಪಟ್ಟಿ ಇಳಿಯಿತು, ಪಟ್ಟಿಯ ತುದಿಯಲ್ಲಿ ಉಂಗುರದಷ್ಟು ಚಿಕ್ಕ ಅಂಗೈ, ಅಮ್ಮ, ಧ್ವನಿ ಸಂದೇಶ, ಮೈಕಿನ ಚಿತ್ರ. ಧ್ವನಿ. ಯಾರ ಧ್ವನಿ. ಒತ್ತಿದರೆ ಕೇಳುತ್ತದೆ, ಕೇಳಬೇಕಾದರೆ ಫೋನನ್ನು ಸರಳಿನಿಂದ ಕಿವಿಗೆ ತರಬೇಕು, ಮೊಳದಷ್ಟು ದೂರ, ನನ್ನ ಕಿವಿಗೂ ಅಮ್ಮನ ದನಿಗೂ ನಡುವೆ ಮೊಳದಷ್ಟು ದೂರ, ಆ ಮೊಳದಲ್ಲಿ ಸಿಗ್ನಲ್ ಸಾಯುತ್ತದೆ, ಇಲ್ಲೇ ಜೋರಾಗಿ ಹಾಕಿದರೆ ಬಾಗಿಲಿನ ಒಳಗೆ ಕೇಳುತ್ತದೆ. ಪಟ್ಟಿ ಮೇಲಕ್ಕೆ ಸರಿದು ಮಾಯವಾಯಿತು.

ಮೇಲಿನ ಮನೆಯ ಬಾಗಿಲು, ಚಪ್ಪಲಿಯ ಸದ್ದು, ರೇಡಿಯೋ ಆಂಟಿ ಇಳಿದು ಬರುತ್ತಿದ್ದಾಳೆ, ಬೆಳಿಗ್ಗೆ ಆನ್ ಆದರೆ ಮಲಗುವ ತನಕ ಆಫ್ ಆಗದ ಬಾಯಿ, ಮಗಳೇ ಇಟ್ಟ ಹೆಸರು, ಈಗ ಬೇಡ, ಈಗ ಬೇಡ, ಸನ್ನೆ ಮಾಡಲು ಎಡಗೈ ಎತ್ತಿದೆ, ತುಟಿಗೆ ಬೆರಳು ಇಟ್ಟೆ, ಅವಳು ಬಾಯಿ ತೆರೆದವಳು ನನ್ನ ಮುಖ ನೋಡಿ ಹಾಗೇ ನಿಂತಳು — ಆಗಲೇ ಪಟ್ಟಿ ಮತ್ತೆ ಇಳಿಯಿತು, ಚಿಕ್ಕ ಅಂಗೈ, ಅಮ್ಮ, ಅದರ ಪಕ್ಕದಲ್ಲಿ ಅಕ್ಷರ, ಅಮ್ಮ ಹೋದಳು. ಅಷ್ಟೇ. ಟೈಪ್ ಮಾಡುವುದೆಂದರೆ ಅಣ್ಣನಿಗೆ ಬೆಟ್ಟ ಹೊತ್ತ ಹಾಗೆ, ಒಂದೇ ಬೆರಳು, ಒಂದೊಂದು ಅಕ್ಷರಕ್ಕೂ ಹುಡುಕಾಟ, ಅಮ್ಮ ಹೋದಳು, ಅಮ್ಮನ ಫೋನಿನಿಂದ, ಅಮ್ಮನ ಹೆಸರಿನಲ್ಲಿ, ತಾನು ಹೋದೆನೆಂದು ಅವಳೇ ಹೇಳಿ ಕಳಿಸಿದ ಹಾಗೆ. ಬಾಯಿಗೆ ಹೊಲಿಗೆ ಹಾಕ್ಕೊಂಡುಬಿಡು, ಹಲ್ಲು ಕಚ್ಚಿದೆ, ತುಟಿಯ ಮೇಲಿದ್ದ ಬೆರಳನ್ನೇ ಬಾಯೊಳಗೆ ತೂರಿಸಿ ಕಚ್ಚಿದೆ, ಉಪ್ಪುಪ್ಪು, ರಕ್ತವೇ ಇರಬೇಕು, ಕಣ್ಣಿನಿಂದ ನೀರು ಧಾರಾಳವಾಗಿ ಹರಿಯಿತು, ನೀರಿಗೆ ಸದ್ದಿಲ್ಲ, ಹರಿಯಲಿ, ಬಲಗೈ ಮಾತ್ರ ಅಲ್ಲಾಡಲಿಲ್ಲ, ಎಂಥ ಕೈ ಇದು, ಕಲ್ಲಿನ ಕೈ, ಮೂರನೇ ಸರಳು, ಎರಡು ಕಡ್ಡಿ, ಒಂದು ಸಾಧನ. ರೇಡಿಯೋ ಆಂಟಿ ಬಂದು ಏನೂ ಕೇಳದೆ ಸ್ಟೂಲಿನ ಕಾಲನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು, ನಾನು ನಡುಗುವುದಕ್ಕೆ ಸ್ಟೂಲು ಕುಣಿಯುತ್ತಿತ್ತೆಂದು ಕಾಣುತ್ತದೆ, ಕುಣಿದರೆ ಸದ್ದು. ಆ ಧ್ವನಿ ಸಂದೇಶ ಅಮ್ಮ ಹೋಗುವುದಕ್ಕೆ ಮುಂಚಿನದು. ನಾನು ಕೆಂಪು ಒತ್ತಿದಾಗ ಇದ್ದಳು. ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದಿರುತ್ತಾನೆ ಅಣ್ಣ, ಹೇಳಮ್ಮ, ಎತ್ತುತ್ತಾಳೆ ತಡಿ, ಎಂದಿರುತ್ತಾನೆ, ಕಟ್ ಮಾಡಿದ್ಲು ಎಂದು ಅವಳಿಗೆ ಹೇಳಿದನೋ ಇಲ್ಲವೋ, ಹೇಳಬೇಡವೋ ಅಣ್ಣ, ಸಿಗ್ನಲ್ ಇಲ್ಲ ಅಂದುಬಿಡು, ಹಳೇ ಫೋನು ಅಂದುಬಿಡು. ಮೊದಲನೇ ರಿಂಗಿಗೆ ಇಳಿದಿದ್ದರೆ ಮಾತಾಡುತ್ತಿದ್ದೆ, ಒಂದು ಸಲ ಕಟ್ಟಾಗಿಯೇ ಆಗಿತ್ತು, ಹಾಗೇ ಮಾತಾಡಿಬಿಟ್ಟಿದ್ದರೆ ಆ ಒಂದರಲ್ಲೇ ಮುಗಿಯುತ್ತಿತ್ತೇನೋ, ಅದು ಕರೆದದ್ದು, ಕ್ಷೇಮವಲ್ಲ, ನೆಟ್ಟು ಕಟ್ಟಾಗಬಾರದೆಂದು ಪಾಪ ಒಂದೇ ರಿಂಗಿಗೆ ಇಟ್ಟಿದ್ದಾನೆ, ನನಗಾಗಿ ಇಟ್ಟಿದ್ದಾನೆ, ನಾನು ಅದನ್ನು ಕ್ಷೇಮ ಮಾಡಿಕೊಂಡೆ. ಎಷ್ಟು ಹೊತ್ತು ಹಾಗೆ ನಿಂತೆನೋ. ಮಗುವಿನ ಅಂಗಿಯನ್ನು ಯಾರೋ ಹಗ್ಗದಿಂದ ತೆಗೆದುಕೊಂಡು ಹೋದರು.

ಬಾಗಿಲು. ಚಿಲಕ ತೆಗೆದ ಸದ್ದು, ಅಮ್ಮಾ, ಅಮ್ಮಾ ಮುಗೀತು, ಇಳಿ ಮಾರಾಯ್ತಿ, ಎರಡೇ ಸಲ ಕಟ್ಟಾಗಿದ್ದು, ನನಗೆ ಜೀವಾನೇ ಬಾಯಿಗೆ ಬಂದಿತ್ತು, ಆಮೇಲೆ ಒಂದು ಸಲನೂ ಇಲ್ಲ, ಎಲ್ಲಾ ಬರೆದೆ, ಒಂದನ್ನೂ ಬಿಡಲಿಲ್ಲ, ಸಿಕ್ಕೇ ಸಿಗುತ್ತೆ ನೋಡು, ಆಂಟಿ ನೀವೇನು ಸ್ಟೂಲು ಹಿಡ್ಕೊಂಡು ಸರ್ಕಸ್ಸಾ — ಬೆಳಗುತ್ತಿದೆ ಅವಳ ಮುಖ, ಬೆಳಕು ಬಿದ್ದ ಮುಖಕ್ಕೆ ಏನು ಹೇಳಲಿ, ಅಮ್ಮಾ ಯಾಕೆ ಅಳ್ತೀಯಾ, ಅಯ್ಯೋ ಹುಚ್ಚಿ, ಬೆರಳಿಗೇನಾಯ್ತು, ಖುಷಿಗೆ ಯಾರಾದ್ರೂ ಹೀಗೆ ಅಳ್ತಾರಾ, ಸಾಕು ಕೈ ಇಳಿಸು, ಎಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಫೋನು ತೆಗೆದುಕೊಂಡಳು, ಮುಷ್ಟಿ ಬಿಗಿದುಹೋಗಿತ್ತು, ಖಾಲಿ ಕೈ ಸರಳಿನ ಬಳಿಯೇ ಉಳಿಯಿತು. ಕೊಡು ಇಲ್ಲಿ, ಮೊದಲು ಅಜ್ಜಿಗೆ ಹೇಳ್ಬೇಕು, ಮಾಮನಿಗೆ ಮಾಡಿ ಅಜ್ಜಿ ಕಿವಿ ಹತ್ರ ಹಿಡಿ ಅಂತೀನಿ, ಅಯ್ಯೋ ಇಲ್ನೋಡು, ಅಜ್ಜಿ ನಂಬರಿಂದ ಎರಡು ಮೆಸೇಜು, ಒಂದು ವಾಯ್ಸು, ಅಮ್ಮಾ ವಾಯ್ಸು, ಅಜ್ಜಿ ಮಾತಾಡಿದ್ದಾಳೆ ಅಮ್ಮಾ, ನಿನಗೆ ಗೊತ್ತಿತ್ತಾ, ನನಗೆ ಹೇಳಲೇ ಇಲ್ವಲ್ಲ ನೀನು — ಇನ್ನೊಂದನ್ನು ಅವಳಿನ್ನೂ ಓದಿಲ್ಲ, ಬೇಡ ಎನ್ನಬೇಕು, ತಡಿ ಎನ್ನಬೇಕು, ಬಾಯಿ ತೆರೆಯುತ್ತಿಲ್ಲ, ಈಗ ಮಾತಾಡಬಹುದು, ಈಗ ಯಾರೂ ತೆಗೆದುಹಾಕುವುದಿಲ್ಲ, ಆದರೂ ತೆರೆಯುತ್ತಿಲ್ಲ, ಅವಳ ಹೆಬ್ಬೆರಳು ಇಳಿಯುತ್ತಿದೆ, ಸೂಜಿ ಪೋಣಿಸುವ ಬೆರಳು, ಅದರ ಕೆಳಗೆ ಉಂಗುರದಷ್ಟು ಚಿಕ್ಕದಾಗಿ, ಬೆರಳು ಅಗಲಿಸಿಕೊಂಡು, ಅಡ್ಡ ಗೆರೆ, ಅಂಗೈ, ಅಮ್ಮನ ಅಂಗೈ, ಅಡ್ಡ ಹಿಡಿದಿದೆ, ಅಂಗೈ